ಹತ್ತನೆಯ ಸಂಪುಟದಲ್ಲಿ ಚಕ್ರ ಏಕೆ ನಿಂತಿತು

ಹತ್ತನೆಯ ಪುಸ್ತಕದ ಹತ್ತನೆಯ ಅಧ್ಯಾಯ ದಾಟುವ ಹೊತ್ತಿಗೆ ಓದುಗರಿಗೆ ಒಂದು ಸಂಗತಿ ಗೊತ್ತಾಗಿ ಮನಸ್ಸು ಕುಸಿಯುತ್ತದೆ. ಒಂಬತ್ತನೆಯ ಪುಸ್ತಕದ ಕೊನೆಯಲ್ಲಿ ನಡೆದು ಮುಗಿದ ಘಟನೆ ಇಲ್ಲಿ ಇನ್ನೂ ನಡೆಯುತ್ತಲೇ ಇದೆ. ಎಲ್ಲರೂ ದೂರದಲ್ಲಿ ನಿಂತು ಆ ಕಡೆ ನೋಡುತ್ತಿದ್ದಾರೆ. ಏನಾಯಿತೆಂದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಹೀಗೆ ಗೊತ್ತಿದ್ದೂ ನೂರಾರು ಪುಟ ಕಾಯಬೇಕು.

ರಾಬರ್ಟ್ ಜೋರ್ಡನ್ ಅವರ ‘ವೀಲ್ ಆಫ್ ಟೈಮ್’ ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ ಹತ್ತನೆಯ ಪುಸ್ತಕ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಬಗ್ಗೆ ಹೇಳುತ್ತಿದ್ದೇನೆ. 2003ರ ಜನವರಿಯಲ್ಲಿ ಬಂದ ಪುಸ್ತಕ. ಇದರ ಮೇಲೆ ಬೇಸರ ಮಾಡಿಕೊಂಡವರಿಗೆ ಲೆಕ್ಕವಿಲ್ಲ. ಆದರೆ ಆ ಬೇಸರ ಸಾಮಾನ್ಯವಾಗಿ ‘ಏನೂ ನಡೆಯುವುದಿಲ್ಲ’ ಎಂಬ ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಆ ಮಾತು ಅರ್ಧ ಸರಿ, ಅರ್ಧ ತಪ್ಪು. ಈ ಪುಸ್ತಕದಲ್ಲಿ ಘಟನೆಗಳಿವೆ, ಕೆಲವು ಬಹಳ ಚೆನ್ನಾಗಿಯೂ ಇವೆ. ಕೆಟ್ಟಿರುವುದು ಕಾಲದ ಜೋಡಣೆ. ಅದು ಎಲ್ಲಿ ಕೆಟ್ಟಿತು ಎಂದು ಗೊತ್ತಾದರೆ ಪುಸ್ತಕವನ್ನು ಓದಿ ದಾಟುವ ದಾರಿಯೂ ಸಿಗುತ್ತದೆ. ಇನ್ನೂ ಅಲ್ಲಿಗೆ ಬಾರದವರು ಇಲ್ಲೇ ನಿಲ್ಲಿಸುವುದು ಒಳ್ಳೆಯದು. ಕಥೆಯ ಗುಟ್ಟುಗಳನ್ನೆಲ್ಲ ಮುಂದೆ ಬಿಚ್ಚಿಟ್ಟಿದ್ದೇನೆ.

ನಮ್ಮ ಕೊಡಗಿನಲ್ಲಿ ದಪ್ಪ ಪುಸ್ತಕಕ್ಕೆಂದೇ ಒಂದು ಕಾಲವಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಅದರಲ್ಲೂ ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆಯಿಲ್ಲ, ಸಮಾರಂಭವಿಲ್ಲ. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಮೊಬೈಲ್ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಹದಿನಾಲ್ಕು ಸಂಪುಟಗಳ ಸರಣಿ ಓದಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಒಂದು ಮಳೆಗಾಲಕ್ಕೆ ಮೂರೋ ನಾಲ್ಕೋ ಸಂಪುಟ ಮುಗಿಸುವವರಿಗೆ ಈ ಹತ್ತನೆಯದು ಮೂರನೆಯ ಇಲ್ಲವೇ ನಾಲ್ಕನೆಯ ಮಳೆಗಾಲದಲ್ಲಿ ಎದುರಾಗುತ್ತದೆ. ಅಷ್ಟು ದೂರ ಬಂದವರು ಸರಣಿಯನ್ನು ಪ್ರೀತಿಸುವವರೇ ಆಗಿರುತ್ತಾರೆ. ನೋವಾಗುವುದು ಅದಕ್ಕೇ.

ಮೊದಲು ವೇಗದ ಲೆಕ್ಕ ನೋಡಿ. ಮೊದಲ ಪುಸ್ತಕ 1990ರಲ್ಲಿ ಬಂತು, ಆರನೆಯದು 1994ರಲ್ಲಿ. ಐದು ವರ್ಷದೊಳಗೆ ಆರು ದಪ್ಪ ಸಂಪುಟ! ಆಮೇಲೆ ಏಳನೆಯದು 1996ಕ್ಕೆ, ಎಂಟನೆಯದು 1998ಕ್ಕೆ, ಒಂಬತ್ತನೆಯದು 2000ದ ನವೆಂಬರ್‌ಗೆ, ಹತ್ತನೆಯದು 2003ಕ್ಕೆ. ಪುಸ್ತಕ ಬರೆಯಲು ಹಿಡಿಯುವ ಕಾಲ ಹಿಗ್ಗುತ್ತಾ ಹೋಯಿತು, ಪುಸ್ತಕದೊಳಗೆ ಕಳೆಯುವ ಕಾಲ ಕುಗ್ಗುತ್ತಾ ಬಂತು. ಮೊದಲ ಸಂಪುಟಗಳಲ್ಲಿ ಕಥೆ ತಿಂಗಳುಗಟ್ಟಲೆ ಸಾಗುತ್ತದೆ, ದೇಶಗಳನ್ನು ದಾಟುತ್ತದೆ. ಹತ್ತನೆಯದರಲ್ಲಿ ಒಬ್ಬೊಬ್ಬರ ದಿನವೇ ಹಲವು ಅಧ್ಯಾಯ ನುಂಗುತ್ತದೆ.

ಒಂಬತ್ತನೆಯ ಪುಸ್ತಕ ‘ವಿಂಟರ್ಸ್ ಹಾರ್ಟ್’ ಮುಗಿಯುವುದು 35ನೆಯ ಅಧ್ಯಾಯಕ್ಕೆ. ಅಲ್ಲಿ ರ‍್ಯಾಂಡ್ ಮತ್ತು ನೈನೀವ್ ಸೇರಿ ಶಾಡಾರ್ ಲೊಗೋತ್ ಎಂಬ ಹಾಳು ಊರಿನಲ್ಲಿ ಸೈದೀನನ್ನು ತೊಳೆಯುತ್ತಾರೆ. ಸೈದೀನ್ ಎಂದರೆ ಗಂಡಸರ ಪಾಲಿನ ಮಾಂತ್ರಿಕ ಶಕ್ತಿ. ಮೂರು ಸಾವಿರ ವರ್ಷಕ್ಕೂ ಮೀರಿ ಅದಕ್ಕೆ ವಿಷ ಅಂಟಿಕೊಂಡಿತ್ತು. ಅದನ್ನು ಮುಟ್ಟಿದ ಗಂಡಸರೆಲ್ಲ ಕೊನೆಗೆ ಹುಚ್ಚರಾಗಬೇಕು, ಅದೇ ಅವರ ಹಣೆಬರಹ. ಮೊದಲ ಪುಸ್ತಕದ ಮೊದಲ ಪುಟಗಳಿಂದ ಇಡೀ ಸರಣಿಯ ಮೇಲೆ ಕವಿದಿದ್ದ ಶಾಪವದು. ಆ ಶಾಪ ಕಳೆಯಿತು. ಇನ್ನು ಗಂಡಸರು ಏನು ಮಾಡುತ್ತಾರೆ? ಅವರನ್ನು ಬೇಟೆಯಾಡುತ್ತಲೇ ಬಂದ ಐಸ್ ಸೆಡಾಯ್ ಎಂಬ ಮಾಂತ್ರಿಕ ಹೆಂಗಸರು ಏನು ಮಾಡುತ್ತಾರೆ? ಶಾಪ ಕಳೆಯಿತೆಂದು ಯಾರು ನಂಬುತ್ತಾರೆ, ಯಾರು ನಂಬುವುದಿಲ್ಲ? ಇಷ್ಟು ಪ್ರಶ್ನೆ ಬಾಯಿ ತೆರೆದುಕೊಂಡು ನಿಂತಿರುವಾಗ ಪುಸ್ತಕ ಮುಗಿಯುತ್ತದೆ.

ಹತ್ತನೆಯದು ಶುರುವಾಗುವುದು ಆ ಘಟನೆಗೂ ಮುಂಚಿನ ದಿನಗಳಲ್ಲಿ.

ಮ್ಯಾಟ್‌ನ ಕಥೆ ಹಿಂದಕ್ಕೆ ಹೋಗಿ ಆ ದಿನದವರೆಗೆ ಬರುತ್ತದೆ. ಆಮೇಲೆ ಪೆರಿನ್‌ನದು, ಎಲೇನಳದು, ಎಗ್ವೀನಳದು, ಹೀಗೆ ಉಳಿದ ಮುಖ್ಯ ಪಾತ್ರಗಳದು. ಶಕ್ತಿ ಬಲ್ಲವರೆಲ್ಲ ಆಯಾ ಜಾಗದಲ್ಲಿ ನಿಂತು, ದೂರದಲ್ಲಿ ಯಾರೋ ಊಹೆಗೂ ಮೀರಿದ ಶಕ್ತಿ ಬಳಸುತ್ತಿದ್ದಾರೆಂದು ಗಮನಿಸುತ್ತಾರೆ. ಬೆಚ್ಚುತ್ತಾರೆ, ಚರ್ಚಿಸುತ್ತಾರೆ, ತಪ್ಪು ಊಹೆ ಮಾಡುತ್ತಾರೆ. ಒಬ್ಬರ ಕಥೆಯಲ್ಲಿ ಇದು ಬಂದಿದ್ದರೆ ಸೊಗಸಾಗಿರುತ್ತಿತ್ತು. ಮತ್ತೆ ಮತ್ತೆ ಬಂದಾಗ ಅದು ಕಥೆಯನ್ನು ಹಿಡಿದು ನಿಲ್ಲಿಸುತ್ತದೆ. ಓದುಗರಿಗೆ ಪಾತ್ರಕ್ಕಿಂತ ಹೆಚ್ಚು ಗೊತ್ತಿರುವುದು ಒಂದು ಬಲ. ಪಾತ್ರ ಆ ಅಜ್ಞಾನದಿಂದ ಒಂದು ತಪ್ಪು ಹೆಜ್ಜೆ ಇಟ್ಟು ಅದರ ಬೆಲೆ ತೆರುವಾಗ ಆ ಬಲ ಕೆಲಸ ಮಾಡುತ್ತದೆ. ಇಲ್ಲಿ ಹೆಚ್ಚಿನವರು ಅಂಥ ಹೆಜ್ಜೆ ಇಡುವುದೇ ಇಲ್ಲ. ನಿಂತಲ್ಲೇ ನಿಂತು ನೋಡಿ ತಮ್ಮ ಕೆಲಸಕ್ಕೆ ಮರಳುತ್ತಾರೆ.

ಪುನರುಕ್ತಿಯೇ ದೋಷ ಎನ್ನುವವರ ಮಾತನ್ನು ಕೊಡಗಿನವರು ಒಪ್ಪಬೇಕಾಗಿಲ್ಲ. ಪುತ್ತರಿಯಲ್ಲಿ, ಮದುವೆಯಲ್ಲಿ ನಾಲ್ವರು ದುಡಿ ಹಿಡಿದು ಹಾಡುವ ಬಾಳೋ ಪಾಟ್ ಕೇಳಿದವರಿಗೆ ಇದು ಗೊತ್ತು. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಂಡು ಅದನ್ನೇ ಹಾಡುತ್ತಾರೆ. ಹಾಡು ಉದ್ದವಾಗಿರುತ್ತದೆ, ಆದರೂ ಯಾರೂ ಎದ್ದು ಹೋಗುವುದಿಲ್ಲ. ಏಕೆಂದರೆ ಎರಡನೆಯ ಜೋಡಿ ಸಾಲು ಮುಗಿಸಿದ ಕೂಡಲೇ ಮೊದಲ ಜೋಡಿ ಹೊಸ ಸಾಲಿನೊಂದಿಗೆ ಸಿದ್ಧವಾಗಿರುತ್ತದೆ. ಮರುಕಳಿಸಿದ ಸಾಲು ಮುಂದಿನ ಸಾಲಿಗೆ ಮೆಟ್ಟಿಲು. ಹತ್ತನೆಯ ಸಂಪುಟದಲ್ಲಿ ಸಾಲು ಒಂದು ಬಾಯಿಂದ ಇನ್ನೊಂದಕ್ಕೆ ಹೋಗುತ್ತದೆ, ಮತ್ತೊಂದಕ್ಕೆ ಹೋಗುತ್ತದೆ, ಹೊಸ ಸಾಲು ಮಾತ್ರ ಹುಟ್ಟುವುದಿಲ್ಲ.

ಇನ್ನು ಒಬ್ಬೊಬ್ಬರ ಕಥೆಗೆ ಬರೋಣ. ಇದರಲ್ಲಿ ಮುನ್ನುಡಿಯಂಥ ಉದ್ದನೆಯ ಪ್ರೊಲಾಗ್ ಒಂದು, ಅಧ್ಯಾಯಗಳು 30, ಕೊನೆಗೊಂದು ಚಿಕ್ಕ ಎಪಿಲಾಗ್. ಸರಣಿಯ ನಾಯಕ ರ‍್ಯಾಂಡ್ ಸಿಗುವುದು 24ನೆಯ ಅಧ್ಯಾಯದಲ್ಲಿ ಮತ್ತು ಎಪಿಲಾಗಿನಲ್ಲಿ, ಅಷ್ಟೇ. ಲೋಕವನ್ನೇ ಬದಲಿಸಿದ ಮನುಷ್ಯ ಸುಸ್ತಾಗಿದ್ದಾನೆ, ಮರೆಯಲ್ಲಿದ್ದಾನೆ. ಅದು ಕಥೆಗೆ ಸಹಜವೇ. ಆದರೆ ಅವನಿಲ್ಲದ ಜಾಗವನ್ನು ತುಂಬಲು ಬೇರೆ ಮೂರು ನಾಲ್ಕು ಕಥೆಗಳಿಗೆ ಶಕ್ತಿ ಬೇಕಿತ್ತು. ಆ ಕಥೆಗಳೂ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿವೆ.

ಎಲೇನಳ ಕಥೆ 10ರಿಂದ 15ರವರೆಗೆ. ಕೈಮ್ಲಿನ್ ನಗರಕ್ಕೆ ಮುತ್ತಿಗೆ ಬಿದ್ದಿದೆ, ಅವಳಿಗೆ ಸಿಂಹಾಸನ ಬೇಕು. ಆಂಡೊರ್ ದೇಶದ 19 ದೊಡ್ಡ ಮನೆತನಗಳಲ್ಲಿ 10 ಅವಳ ಪರ ನಿಲ್ಲಬೇಕು. ಕಾಗದದ ಮೇಲೆ ಇದು ಒಳ್ಳೆಯ ಆಟ. ಅದರಲ್ಲೂ 13ನೆಯ ಅಧ್ಯಾಯದಲ್ಲಿ ಅವಳ ಪರವಾಗಿ ಬರುವ ನಾಲ್ಕು ಮನೆತನಗಳ ಯಜಮಾನರು ಇನ್ನೂ ಎಳೆಯರು ಎಂಬುದು ನಿಜವಾಗಿಯೂ ಮನ ಮುಟ್ಟುವ ಸಂಗತಿ. ಆದರೆ ಅದರ ಸುತ್ತ ಚಹಾ, ಉಡುಪು, ಸ್ನಾನದ ನೀರು, ಖಜಾನೆಯ ಲೆಕ್ಕ, ಕಾವಲಿನವರ ನೇಮಕ ಹೀಗೆ ಪುಟಗಳು ಉರುಳುತ್ತವೆ. ಈ ಎಣಿಕೆ ತೀರ್ಮಾನವಾಗುವುದು ಹನ್ನೊಂದನೆಯ ಪುಸ್ತಕದಲ್ಲಿ. ಸಿಂಹಾಸನ ಅವಳಿಗೇ ಸಿಗುತ್ತದೆಂದು ಓದುಗರಿಗೆ ಬಹಳ ಹಿಂದೆಯೇ ಖಾತ್ರಿ ಇದೆ. ಖಾತ್ರಿ ಇರುವ ಗೆಲುವನ್ನು ಇಷ್ಟು ನಿಧಾನವಾಗಿ ಗೆಲ್ಲಿಸಬಾರದು.

ಮ್ಯಾಟ್‌ನ ಕಥೆಯ ತೊಂದರೆ ಬೇರೆ. ಅವನು ಶತ್ರು ಸಾಮ್ರಾಜ್ಯವೊಂದರ ಉತ್ತರಾಧಿಕಾರಿಣಿಯಾದ ಟುವಾನ್ ಎಂಬುವಳನ್ನು ಎತ್ತಿಕೊಂಡು ಬಂದು ಸರ್ಕಸ್ ಕಂಪನಿಯೊಂದರ ಜತೆ ಅಡಗಿ ಹೋಗುತ್ತಿದ್ದಾನೆ. ಅವಳನ್ನೇ ಮದುವೆಯಾಗಬೇಕೆಂದು ಭವಿಷ್ಯ ಬೇರೆ ಇದೆ. ಮಾತಿನ ವರಸೆ ಚುರುಕು, ರೇಷ್ಮೆಯ ಗುಲಾಬಿ ಮೊಗ್ಗಿನ ಉಡುಗೊರೆಯ ಪ್ರಸಂಗ ಚೆನ್ನಾಗಿದೆ. ಆದರೆ ಜೋರ್ಡನ್ ಅದನ್ನು 1ರಿಂದ 3ನೆಯ ಅಧ್ಯಾಯಗಳಲ್ಲಿ ಬಿಟ್ಟು 28ಕ್ಕೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ನಡುವೆ ಇಷ್ಟು ದೂರವಾದರೆ ಇಬ್ಬರ ನಡುವಿನ ಬಿಸಿ ಆರಿಹೋಗುತ್ತದೆ.

ಪೆರಿನ್‌ನ ಕಥೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಪುಸ್ತಕದ ಕೆಟ್ಟದ್ದೂ ಒಳ್ಳೆಯದೂ ಒಟ್ಟಿಗೆ ಇರುವುದು ಅಲ್ಲೇ. ಅವನ ಹೆಂಡತಿ ಫಾಯೀಲಳನ್ನು ಶಾಯಿಡೋ ಪಂಗಡದವರು ಎಂಟನೆಯ ಪುಸ್ತಕದ ಕೊನೆಯಲ್ಲಿ ಹಿಡಿದೊಯ್ಯುತ್ತಾರೆ. ಬಿಡಿಸಿ ತರುವುದು ಹನ್ನೊಂದನೆಯದರಲ್ಲಿ. ಅಚ್ಚಾಗಿ ಬಂದ ವರ್ಷಗಳಲ್ಲಿ ಹೇಳುವುದಾದರೆ 1998ರಿಂದ 2005. ಒಬ್ಬ ಗಂಡ ಹೆಂಡತಿಯನ್ನು ಹುಡುಕುವ ಒಂದೇ ಭಾವ, ಅದೇ ಕೊರಗು, ಅದೇ ಹಿಮ.

ಅದರ ನಡುವೆ 26ನೆಯ ಅಧ್ಯಾಯ ಬರುತ್ತದೆ. ಸೋ ಹಾಬರ್ ಎಂಬ ಊರು. ಪೆರಿನ್ ತನ್ನ ದಂಡಿಗೆ ಧಾನ್ಯ ಕೊಳ್ಳಲು ಅಲ್ಲಿಗೆ ಹೋಗುತ್ತಾನೆ. ಊರಿನ ಜನ ಸ್ನಾನ ಬಿಟ್ಟಿದ್ದಾರೆ, ಬಟ್ಟೆ ಕೊಳೆ ಹಿಡಿದಿದೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವರಿಲ್ಲ. ಸತ್ತವರು ಬೀದಿಯಲ್ಲಿ ಓಡಾಡುತ್ತಿದ್ದಾರೆ. ಉಗ್ರಾಣ ತೆರೆಸಿದರೆ ಧಾನ್ಯದ ತುಂಬ ಮೂತಿಹುಳು. ಚಳಿಯಲ್ಲಿ ಬಯಲಿಗೆ ತಂದು, ತೂರಿ, ಹುಳ ಹಾರಿಸಿ, ಆಮೇಲೆ ಗಾಡಿಗೆ ತುಂಬಿಸಬೇಕು. ಒಬ್ಬರೂ ಕತ್ತಿ ಎತ್ತುವುದಿಲ್ಲ. ಆದರೂ ಲೋಕ ಒಳಗಿಂದ ಕೊಳೆಯುತ್ತಿದೆ ಎಂಬುದನ್ನು ಸರಣಿಯ ಯಾವ ಯುದ್ಧಕ್ಕಿಂತಲೂ ಗಟ್ಟಿಯಾಗಿ ಈ ಅಧ್ಯಾಯ ಹೇಳುತ್ತದೆ. ಮಳೆಗಾಲದಲ್ಲಿ ಪತ್ತಾಯದ ಭತ್ತಕ್ಕೆ ಹುಳ ಬಿದ್ದದ್ದನ್ನು ಕಂಡ ಮನೆಯವರಿಗೆ ಇದನ್ನು ಓದುವಾಗ ಕೈ ತಾನಾಗಿ ನಿಲ್ಲುತ್ತದೆ.

ಅದರ ಮರು ಅಧ್ಯಾಯ, 27, ಇನ್ನೂ ದೊಡ್ಡದು. ಸೆರೆ ಸಿಕ್ಕ ಶಾಯಿಡೋಗಳು ಎಷ್ಟು ಹಿಂಸಿಸಿದರೂ ಬಾಯಿ ಬಿಡುತ್ತಿಲ್ಲ. ಪೆರಿನ್ ಬಂದು ಒಬ್ಬನ ಕೈಯನ್ನು ಕೊಡಲಿಯಿಂದ ಕತ್ತರಿಸುತ್ತಾನೆ. ಆಮೇಲೆ ಆ ಕೊಡಲಿಯನ್ನು ಎಸೆದು ನಡೆದುಬಿಡುತ್ತಾನೆ. ಮೊದಲ ಪುಸ್ತಕ ನೆನಪಿರುವವರಿಗೆ ಇದರ ತೂಕ ಗೊತ್ತು. ಅಲ್ಲಿ ತೋಳಗಳೊಡನೆ ಬದುಕುವ ಎಲಾಯಸ್, ಹುಡುಗ ಪೆರಿನ್‌ಗೆ ಬುದ್ಧಿ ಹೇಳುತ್ತಾನೆ: ಕೊಡಲಿಯನ್ನು ದ್ವೇಷಿಸುತ್ತಿರುವಷ್ಟು ಕಾಲ ಇಟ್ಟುಕೋ, ಆ ದ್ವೇಷ ಹೋದ ದಿನ ದೂರಕ್ಕೆ ಎಸೆ. 1990ರಲ್ಲಿ ಬಿತ್ತಿದ ಮಾತು 2003ರಲ್ಲಿ ಫಲ ಕೊಟ್ಟಿದೆ. ಹದಿಮೂರು ವರ್ಷ ಒಂದು ಎಳೆಯನ್ನು ಕೈಬಿಡದೆ ಹಿಡಿದ ಲೇಖಕನಿಗೆ ಶಕ್ತಿ ಕುಂದಿತ್ತು ಎಂದು ಹೇಳಲು ನಾನು ತಯಾರಿಲ್ಲ. ಇಷ್ಟು ಬರೆಯಬಲ್ಲವರು ಇದನ್ನು ಇಷ್ಟು ಹೊಟ್ಟಿನ ನಡುವೆ ಏಕೆ ಹುದುಗಿಸಿದರು ಎಂಬುದೇ ನನ್ನ ದೂರು.

ಅದಕ್ಕೆ ನನಗೆ ತೋರುವ ಕಾರಣ ಕಾಫಿ ತೋಟದವರಿಗೆ ಬೇಗ ತಿಳಿಯುತ್ತದೆ. ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಮೇಲೇಳುವ ಕಂಬಚಿಗುರನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಕಿತ್ತು ತೆಗೆಯುತ್ತಾರೆ. ಅದು ಹಸಿರಾಗಿ, ಹುಲುಸಾಗಿ ಬೆಳೆಯುತ್ತದೆ, ಕಾಯಿ ಕಟ್ಟಬೇಕಾದ ಅಡ್ಡ ರೆಂಬೆಯ ಸತ್ವವನ್ನು ತಿನ್ನುತ್ತದೆ. ಹಾಗೆಂದು ಎಲ್ಲವನ್ನೂ ಕೀಳುವುದೂ ಇಲ್ಲ. ಗಿಡ ಮುದಿಯಾದರೆ ಗಟ್ಟಿಯಾದ ಒಂದನ್ನು ಉಳಿಸಿಕೊಂಡು ಹೊಸ ಕಾಂಡ ಮಾಡಿಕೊಳ್ಳುತ್ತಾರೆ. ಹತ್ತನೆಯ ಪುಸ್ತಕದ ಪ್ರೊಲಾಗಿನಲ್ಲಿ ಬರುವ ರೋಡೆಲ್ ಇಟುರಾಲ್ಡೆ ಎಂಬ ಸೇನಾಪತಿ ಹಾಗೆ ಉಳಿಸಿಕೊಳ್ಳಬೇಕಾದ ಚಿಗುರು. ಮುಂದಿನ ಸಂಪುಟಗಳಲ್ಲಿ ಅವನು ದೊಡ್ಡ ಭಾರ ಹೊರುತ್ತಾನೆ. 4ನೆಯ ಅಧ್ಯಾಯದಲ್ಲಿ ಟುವಾನಳನ್ನು ಹುಡುಕಿ ಹೊರಡುವ ಕರೇಡೆಯೂ ಹಾಗೆಯೇ. ಆದರೆ ಅವರ ಪಕ್ಕದಲ್ಲೇ ಇನ್ನೆಷ್ಟೋ ಹೆಸರುಗಳು, ಐಸ್ ಸೆಡಾಯ್‌ಗಳ ಒಳಜಗಳಗಳು, ಒಂದೊಂದು ಪುಟ ಬಂದು ಹೋಗುವ ಮುಖಗಳು ಹಾಗೇ ಉಳಿದುಕೊಂಡಿವೆ. ಆರು ಪುಸ್ತಕಕ್ಕೆಂದು ಒಪ್ಪಂದವಾಗಿದ್ದ ಸರಣಿ ಹೀಗೆ ಹದಿನಾಲ್ಕರವರೆಗೆ ಬೆಳೆಯಿತು.

ಇನ್ನೊಂದು ಮಾತಿದೆ, ಅದನ್ನು ಹೇಳುವುದು ಕಷ್ಟ. 2006ರಲ್ಲಿ ಜೋರ್ಡನ್ ತಮಗೆ ಅಮೈಲಾಯ್ಡೋಸಿಸ್ ಎಂಬ ಕಾಯಿಲೆ ಇದೆಯೆಂದು ಓದುಗರಿಗೆ ತಿಳಿಸಿದರು. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಹನ್ನೊಂದನೆಯ ‘ನೈಫ್ ಆಫ್ ಡ್ರೀಮ್ಸ್’ ಸರಣಿಯಲ್ಲಿ ಅವರು ಪೂರ್ತಿಗೊಳಿಸಿದ ಕೊನೆಯ ಸಂಪುಟವಾಯಿತು. ಅವರ ಪತ್ನಿಯೂ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರ್ಯಾಂಡನ್ ಸ್ಯಾಂಡರ್‌ಸನ್ ಅವರನ್ನು ಆರಿಸಿ, ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನು ಕೊಟ್ಟು ಬರೆಸಿದರು. ಒಂದೇ ಪುಸ್ತಕ ಎಂದುಕೊಂಡದ್ದು 2009, 2010, 2013ರಲ್ಲಿ ಮೂರಾಗಿ ಬಂತು. ಇದೆಲ್ಲ ತಿಳಿದ ಮೇಲೆ ಹತ್ತನೆಯದನ್ನು ಓದುವವರಿಗೆ ಒಂದು ಸಂಕಟ ಕಾಡುತ್ತದೆ: ಆ ಸ್ನಾನದ ಪುಟಗಳಿಗೆ, ಆ ಚಹಾದ ಪುಟಗಳಿಗೆ ಹೋದ ಕಾಲ ಕೊನೆಯ ಯುದ್ಧಕ್ಕೆ ಸಿಕ್ಕಿದ್ದರೆ! 2003ರಲ್ಲಿ ಅವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಹಾಗಾಗಿ ಇದನ್ನು ಅವರ ಮೇಲಿನ ಆರೋಪ ಮಾಡಬಾರದು. ಆದರೂ ಸಂಕಟ ಸಂಕಟವೇ.

ಕನ್ನಡದವರಿಗೆ ಇದು ಹೊಸದಲ್ಲ. ಕುಮಾರವ್ಯಾಸ ಹತ್ತು ಪರ್ವ ಹೇಳಿ ಗದಾಪರ್ವಕ್ಕೆ ನಿಲ್ಲಿಸಿದ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹೇಳಿದ. ಎರಡನ್ನೂ ಓದಿದವರಿಗೆ ಕೈ ಬದಲಾದದ್ದು ಗೊತ್ತಾಗುತ್ತದೆ. ಕಥೆ ಮುಗಿದದ್ದಕ್ಕೆ ಕೃತಜ್ಞತೆಯೂ ಇರುತ್ತದೆ. ಆದರೆ ಕುಮಾರವ್ಯಾಸ ನಿಂತದ್ದು ಕುರುಕ್ಷೇತ್ರ ಮುಗಿದ ಮೇಲೆ. ಜೋರ್ಡನ್‌ಗೆ ತಮ್ಮ ಕುರುಕ್ಷೇತ್ರವನ್ನು ಬರೆದು ಮುಗಿಸಲು ಆಗಲಿಲ್ಲ.

ಈಗ ಓದುವ ದಾರಿ. ಹತ್ತನೆಯದನ್ನು ಬಿಟ್ಟು ಹನ್ನೊಂದಕ್ಕೆ ಹಾರಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದು ಬೇಡ. ಕೊಡಲಿಯ ಅಧ್ಯಾಯ ತಪ್ಪುತ್ತದೆ, ಎಗ್ವೀನಳ ಕೊನೆಯ ಅಧ್ಯಾಯವೂ ತಪ್ಪುತ್ತದೆ. ಪುಸ್ತಕದ ನಾಲ್ಕು ಕಥೆಗಳು ಹೆಚ್ಚುಕಡಿಮೆ ಒಂದೇ ದಿನಗಳಲ್ಲಿ ನಡೆಯುತ್ತವೆ, ಒಂದರ ಫಲ ಇನ್ನೊಂದಕ್ಕೆ ಬೇಕಾಗಿಲ್ಲ. ಹಾಗಾಗಿ ಪುಟದ ಕ್ರಮ ಬಿಟ್ಟು ಪಾತ್ರದ ಕ್ರಮದಲ್ಲಿ ಓದಿದರೆ ಏನೂ ನಷ್ಟವಿಲ್ಲ, ಲಾಭ ಬಹಳ.

ಮೊದಲು ಒಂಬತ್ತನೆಯ ಪುಸ್ತಕದ 35ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಅದು ಮನಸ್ಸಿನಲ್ಲಿ ಬಿಸಿಯಾಗಿದ್ದರೆ ದೂರದಿಂದ ನೋಡುವವರ ಬೆರಗಿಗೆ ಅರ್ಥ ಬರುತ್ತದೆ. ಹತ್ತನೆಯದರ ಪ್ರೊಲಾಗಿನಲ್ಲಿ ಇಟುರಾಲ್ಡೆಯ ಭಾಗ ಸಾಕು, ಉಳಿದದ್ದು ಆಮೇಲೆ ನೋಡಿಕೊಳ್ಳಬಹುದು. ಎಲೇನಳ 10ರಿಂದ 15 ಮೊದಲು ಮುಗಿಸಿಬಿಡಿ, ಏಕೆಂದರೆ ಅದೇ ಭಾರ. ಅದರಲ್ಲಿ 13ನ್ನು ನಿಧಾನವಾಗಿ ಓದಿ, ಮಿಕ್ಕದ್ದನ್ನು ಕಣ್ಣಾಡಿಸಿದರೆ ಸಾಕು. ಆಮೇಲೆ ಮ್ಯಾಟ್‌ನ 1ರಿಂದ 3, ಕರೇಡೆಯ 4, ನಿಲ್ಲದೆ 28 ಮತ್ತು 29. ಹೀಗೆ ಓದಿದರೆ ಮ್ಯಾಟ್, ಟುವಾನರ ಕಥೆ ಒಂದು ಚೊಕ್ಕ ನೀಳ್ಗತೆಯ ಹಾಗೆ ಓಡುತ್ತದೆ. ಆಮೇಲೆ ಪೆರಿನ್‌ನ 5ರಿಂದ 8, ಸೆರೆಯಲ್ಲಿರುವ ಫಾಯೀಲಳ 9, ಕೂಡಲೇ 25ರಿಂದ 27. ಇವನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸುವುದು ಒಳ್ಳೆಯದು. ನಡುವೆ ಬಿಟ್ಟರೆ ಕೊಡಲಿ ಬೀಳುವ ಹೊತ್ತಿಗೆ ಕೋಪ ಕಟ್ಟಿರುವುದಿಲ್ಲ.

ರ‍್ಯಾಂಡ್ ಇರುವ ಕಡೆಯ 23, 24 ಆದ ಮೇಲೆ ಎಗ್ವೀನಳ ಶಿಬಿರಕ್ಕೆ ಬನ್ನಿ. ಐಸ್ ಸೆಡಾಯ್‌ಗಳ ನಗರ ಟಾರ್ ವಾಲಾನ್‌ಗೆ ಅವಳ ಬಣ ಮುತ್ತಿಗೆ ಹಾಕಿದೆ. 16ರಿಂದ 20ರವರೆಗೆ ಅಲ್ಲಿ ಸಭೆ, ಸಂಧಾನ, ಗುಟ್ಟು. 21, 22 ಮುತ್ತಿಗೆಯ ಒಳಗಿನ ಟಾರ್ ವಾಲಾನ್ ಕಡೆಯವು. ಹೆಸರುಗಳು ತಲೆ ತಿನ್ನುತ್ತವೆ, ಪುಸ್ತಕದ ಹಿಂದಿನ ಪದಕೋಶಕ್ಕಿಂತ ನೀವೇ ಒಂದು ಹಾಳೆಯಲ್ಲಿ ಯಾರು ಯಾವ ಬಣ್ಣದ ಬಣದವರು ಎಂದು ಬರೆದಿಟ್ಟುಕೊಂಡರೆ ಹೆಚ್ಚು ಉಪಯೋಗ. ಕೊನೆಗೆ 30. ಬಂದರಿಗೆ ಅಡ್ಡ ಕಟ್ಟಿದ ಕಬ್ಬಿಣದ ಸರಪಳಿಯನ್ನು ಎಗ್ವೀನ್ ಒಡೆಯಲಾಗದ ಕ್ವೆಂಡಿಯಾರ್ ಎಂಬ ವಸ್ತುವಾಗಿ ಮಾರ್ಪಡಿಸುತ್ತಾಳೆ. ಇನ್ನದನ್ನು ಇಳಿಸಲಾಗದು, ಹಡಗು ಒಳಗೆ ಬರಲಾಗದು. ಗೆದ್ದ ಆ ಗಳಿಗೆಯಲ್ಲೇ ಅವಳು ಸಿಕ್ಕಿಬೀಳುತ್ತಾಳೆ. ಇದೇ ಪುಸ್ತಕದ ನಿಜವಾದ ಮುಕ್ತಾಯ. ಅದಾದ ಮೇಲೆ ಬರುವ ಎಪಿಲಾಗ್ ಕೆಲವೇ ಪುಟ. ಸಂಧಿಗೆ ರ‍್ಯಾಂಡ್ ಖುದ್ದಾಗಿ ಯಾರನ್ನು ಭೇಟಿಯಾಗಬೇಕೆಂದು ಶತ್ರುಗಳು ಕೇಳುತ್ತಾರೋ ಆ ಹೆಂಗಸು ಮ್ಯಾಟ್‌ನ ಸರ್ಕಸ್ ಗಾಡಿಯಲ್ಲಿ ಕೂತಿದ್ದಾಳೆ. ಪಾತ್ರಕ್ಕೆ ಗೊತ್ತಿಲ್ಲದ್ದು ಓದುಗರಿಗೆ ಗೊತ್ತಿರುವುದು ಹೇಗೆ ಕೆಲಸ ಮಾಡಬೇಕೋ ಇಲ್ಲಿ ಹಾಗೆ ಮಾಡುತ್ತದೆ. ಇಡೀ ಪುಸ್ತಕ ಹೀಗಿರಬೇಕಿತ್ತು.

ಪುಸ್ತಕದ ಮೈಯ ಬಗ್ಗೆಯೂ ಒಂದು ಮಾತು. ಎಂಟುನೂರು ಪುಟದ ಚಿಕ್ಕ ಅಳತೆಯ ಪೇಪರ್‌ಬ್ಯಾಕನ್ನು ಹೀಗೆ ಹಿಂದೆ ಮುಂದೆ ತಿರುಗಿಸಿ ಓದಿದರೆ ನಮ್ಮ ಥಂಡಿಯಲ್ಲಿ ಬೆನ್ನಿನ ಗೋಂದು ಬಿಟ್ಟುಕೊಳ್ಳುತ್ತದೆ, ಪುಟಗಳ ಕಟ್ಟೇ ಕೈಗೆ ಬರುತ್ತದೆ. ಪೂರ್ತಿ ಅಗಲಿಸಿ ಮಗುಚಿ ಇಡಬೇಡಿ. ಓದದ ಹೊತ್ತಿನಲ್ಲಿ ಗೋಡೆಗೆ ತಾಗದ ಕಪಾಟಿನಲ್ಲಿ, ಸಾಲನ್ನು ಬಿಗಿ ಮಾಡದೆ ನಡುವೆ ಗಾಳಿ ಆಡುವ ಹಾಗೆ ನಿಲ್ಲಿಸಿ. ಬೂಷ್ಟು ಬಂದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒಣ ಬ್ರಷ್‌ನಿಂದ ಹೊರಗಡೆ ಕೊಡವಿ, ಬಿಸಿಲು ಬಂದ ದಿನ ನೆರಳಿನಲ್ಲೇ ಗಾಳಿಗೆ ಇಡಿ.

ಹತ್ತು ಮುಗಿದ ಕೂಡಲೇ ಹನ್ನೊಂದು ಶುರು ಮಾಡಿ. 2004ರಲ್ಲಿ ಬಂದ ಪೂರ್ವಕಥೆ ‘ನ್ಯೂ ಸ್ಪ್ರಿಂಗ್’ ಅಚ್ಚಿನ ಕ್ರಮದಲ್ಲಿ ಇವೆರಡರ ನಡುವೆ ಬರುತ್ತದೆ, ಚಿಕ್ಕದೂ ಚುರುಕಾದುದೂ ಹೌದು. ಆದರೆ ಎಗ್ವೀನ್ ಸೆರೆಯಾಗಿ, ಫಾಯೀಲ್ ಇನ್ನೂ ಬಿಡುಗಡೆಯಾಗದಿರುವಾಗ ಇಪ್ಪತ್ತು ವರ್ಷ ಹಿಂದಿನ ಕಥೆಗೆ ಹೋಗುವುದು ಬೇಡ. ಹನ್ನೊಂದರಲ್ಲಿ ಪೆರಿನ್ ಹೆಂಡತಿಯನ್ನು ಬಿಡಿಸುತ್ತಾನೆ, ಎಲೇನ್ ಸಿಂಹಾಸನ ಗೆಲ್ಲುತ್ತಾಳೆ, ಮ್ಯಾಟ್‌ನ ಮದುವೆ ಆಗುತ್ತದೆ. ಹತ್ತರಲ್ಲಿ ಕಟ್ಟಿಹಾಕಿದ್ದನ್ನೆಲ್ಲ ಜೋರ್ಡನ್ ಅಲ್ಲಿ ತಮ್ಮ ಕೈಯಾರೆ ಬಿಚ್ಚಿದ್ದಾರೆ. ಪೂರ್ವಕಥೆಯನ್ನು ಅದಾದ ಮೇಲೆ, ಹನ್ನೆರಡಕ್ಕೆ ಮುಂಚೆ ಓದಬಹುದು.